ದಂತ್ಯಗಳಿಲ್ಲದ ವ್ಯಾಕರಣ

ಲೋತಾದ ಗಣಿ ರಸ್ತೆಯಲ್ಲಿ, ಬ್ರೆಡ್ಡಿನಂಗಡಿಯ ಮೇಲ್ಮಹಡಿ.
ಅಲ್ಲಿ ಎಲೆಯೊದೊರೊ ಒಯಾರ್ಸುನ್ ಕಟ್ಟುಹಲ್ಲು ಮಾಡುತ್ತಿದ್ದ.
ನಾನು ಹದಿನೇಳರವಳು, ಪ್ಲಾಸ್ಟರ್ ಕಲಸುತ್ತಿದ್ದೆ.
ಕಿತ್ತ ದಿನದಿಂದ ಒಸಡು ಮಾಗುವ ತನಕ ಆರು ವಾರ.
ಆ ಆರು ವಾರ ಜನ ಬಾಯಿಗೆ ಕೈ ಅಡ್ಡ ಹಿಡಿದು
ಬೆಂಚಿನ ಮೇಲೆ ಮೂಕರಂತೆ ಕೂರುವುದು ನೋಡಲಾರದೆ
ಅವನೊಂದು ಭಾಷೆ ಕಟ್ಟಿದ,
ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ.

ಮೊದಲು ಕಿತ್ತದ್ದು ತ, ದ, ನ.
ಆಮೇಲೆ ಲ. ಆಮೇಲೆ ಸ, ಸಂದಿಯಲ್ಲಿ ಗಾಳಿ ಸೋರುತ್ತದೆಂದು.
ಫ ಕೂಡ; ಕೆಳತುಟಿಗೆ ಒರಗಲು ಗೋಡೆಯೇ ಇಲ್ಲವಲ್ಲ.
ಒಸಡಿಗೆ ನಾಲಗೆ ಒತ್ತಿ ಹೇಳಬಹುದಲ್ಲ, ಅಂದೆ.
ಹೇಳಬಹುದು, ನೋಯುತ್ತದೆ, ಅಂದ.
ನೋಯುವ ಅಕ್ಷರ ಒಂದೂ ಇರಬಾರದು:
ಅದೇ ಮೊದಲನೆಯ ಸೂತ್ರ.

ಉಳಿದವು ಗಂಟಲಿನವು, ತುಟಿಯವು,
ಹ, ಯ, ಅಂಗುಳಿಗಷ್ಟೇ ತಾಗಿ ಬರುವ ರ.
ಸ್ವರಗಳಿಗೆ ಹಲ್ಲಿನ ಹಂಗಿಲ್ಲ, ಐದೂ ಉಳಿದವು.
ಮಾಪು ಅಂದರೆ ಸಾರು. ಗಬ, ಸಾರಲ್ಲಿ ನೆನೆದ ಬ್ರೆಡ್ಡು.
ಒಣ ಬ್ರೆಡ್ಡಿಗೆ ಪದವೇ ಇಲ್ಲ.
ಕಚ್ಚು ಎಂಬ ಧಾತು ಇಲ್ಲ, ಅಗಿ ಇಲ್ಲ,
ನುಂಗುವುದಕ್ಕೆ ಏಳು ಧಾತು.
ಇಲ್ಲ ಅನ್ನಲು ಆಗುವುದಿಲ್ಲ, ಅದರ ನಟ್ಟನಡುವೆ ಹಲ್ಲಿದೆ;
ಉಸಿರು ಒಳಗೆಳೆದುಕೊಂಡು ಕ್ರಿಯಾಪದ ಹೇಳಬೇಕು, ಅಷ್ಟೆ.
ಒಂದು ಮಧ್ಯಾಹ್ನ ಬೆಂಚು ತುಂಬ ಜನ ಉಸಿರೆಳೆದುಕೊಳ್ಳುತ್ತಿದ್ದರು.
ಗಾಬರಿಯಾಗಿ ಓಡಿ ಬಂದೆ. ಮೀನಿನ ಬೆಲೆಗೆ ಜಗಳ.

ಹೆಸರುಗಳೂ ಸವೆದವು. ಅವನು ಎ-ಎ-ಒ-ಒ-ರೊ.
ನಾನು, ನೊಲ್ಫಾ, ಬರೀ ಒ-ಆ: ಒಂದು ಆಕಳಿಕೆ.
ಬಟ್ಟೆ ಒಗೆಯುವ ಎರ್ಮೊಸಿನಾ ಮಾತ್ರ
ಅರ್ಧ ಹೆಸರು ಉಳಿಸಿಕೊಂಡಿದ್ದಳು, ಅದರ ಜಂಬ ಬೇರೆ.

ಕಾಲ ಮೂರು: ಹಲ್ಲಿದ್ದ ಕಾಲ, ಬೆಂಚಿನ ಕಾಲ, ಹಲ್ಲು ಬರುವ ಕಾಲ.
ಪ್ರತಿ ಕ್ರಿಯೆಯ ಬಾಲಕ್ಕೆ ಯಾರಿಂದ ಎಂಬ ಗುರುತು ಕಡ್ಡಾಯ.
-ಮಾ, ತಾನಾಗಿ ಆದದ್ದು: ವಯಸ್ಸು, ಸಕ್ಕರೆ, ಹೆರಿಗೆ.
-ಗೊ, ನಾನೇ ಒಪ್ಪಿ ಮಾಡಿಸಿಕೊಂಡದ್ದು.
ಎರಡು ಸಾಕು ಅಂದುಕೊಂಡಿದ್ದ.
ಹಲ್ಲು ಹೋಗಲು ಬೇರೆ ದಾರಿ ಏನಿದೆ?

ಎಪ್ಪತ್ತನಾಲ್ಕರ ಮಾರ್ಚ್, ಶಾಲೆ ತೆರೆಯುವ ವಾರ,
ಭೂಗೋಳದ ಮೇಷ್ಟ್ರು ಅಲಾದಿನೊ ಬಂದ.
ಶಾಲೆಗಲ್ಲ, ನಮ್ಮಲ್ಲಿಗೆ.
ನಾನು ಅಚ್ಚು ಹೊಯ್ದೆ. ಎಲೆಯೊದೊರೊ
ಪ್ಲಾಸ್ಟರಿನ ದವಡೆಯನ್ನು ಕಿಟಕಿಗೆ ಹಿಡಿದು ತಿರುಗಿಸಿದ.
ಎಡಗಡೆ ಮಾತ್ರ. ಮೇಲೆ ಐದು, ಕೆಳಗೆ ನಾಲ್ಕು.
ವಯಸ್ಸು ಒಂದೇ ಕಡೆಯಿಂದ ಬರುವುದಿಲ್ಲ.

ಮೇಷ್ಟ್ರು ಬೇಗ ಕಲಿತ, ಕಲಿಸುವವನಲ್ಲವೆ.
ಏಳು ನುಂಗುಗಳ ವ್ಯತ್ಯಾಸವನ್ನು ಎರ್ಮೊಸಿನಾಗೇ ತಿದ್ದಿದ.
ಅವಳೊಮ್ಮೆ ಕೇಳಿದಳು, ಬೆಂಚಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವುದೇ:
ಹೇಗೆ ಹೋದವು?
ಅವನು ಕ್ರಿಯಾಪದ ಶುರು ಮಾಡಿದ. ಕಾಲ ಸರಿಯಾಗಿ ಹಚ್ಚಿದ.
-ಮಾ ಬರಲಿಲ್ಲ. -ಗೊ ಬರಲಿಲ್ಲ.
ಬಾಯಿ ತೆರೆದೇ ಇತ್ತು. ಕೆಳಗಿನಿಂದ ಬ್ರೆಡ್ಡಿನ ವಾಸನೆ.
ರಸ್ತೆಯಲ್ಲಿ ಲಾರಿಯೊಂದು ನಿಂತು, ನಿಂತೇ ಇದ್ದು, ಮುಂದೆ ಹೋಯಿತು.
ಆಮೇಲೆ ತುಟಿ ಮುಚ್ಚಿದ.

ಆ ರಾತ್ರಿ ಪುಸ್ತಕಕ್ಕೆ ಮೂರನೆಯ ಪ್ರತ್ಯಯ ಸೇರಿತು.
ಅದಕ್ಕೆ ಅಕ್ಷರವಿಲ್ಲ, ಒಂದು ಚುಕ್ಕೆ.
ಉಚ್ಚಾರ: ತುಟಿ ಮುಚ್ಚುವುದು, ಎದುರಿಗಿದ್ದವರು ಕಾಯುವುದು.
ಉದಾಹರಣೆ ಕೊಟ್ಟಿಲ್ಲ.
ಆ ಚಳಿಗಾಲ ಅದನ್ನು ಬಳಸಿದವರು ಹನ್ನೊಂದು ಜನ.
ಅವರ ಹೆಸರಿನ ಮುಂದೆ ದುಡ್ಡಿನ ಕಾಲಂ ಖಾಲಿ,
ಅದರಿಂದ ಗೊತ್ತು.

ಆರು ವಾರದ ಭಾಷೆ; ಹಲ್ಲು ಕೂತ ಕ್ಷಣ ಮರೆತುಹೋಗುತ್ತಿತ್ತು.
ಕನ್ನಡಿ ನೋಡಿ, ಸ ಸ ಎಂದು ಪರೀಕ್ಷಿಸಿ,
ಎಲ್ಲರೂ ಸೇಬು ಕೊಳ್ಳಲು ಇಳಿಯುತ್ತಿದ್ದರು.
ಅಲಾದಿನೊ ಕನ್ನಡಿ ಬೇಡವೆಂದ.
ತನ್ನ ಹೆಸರು ಹೇಳಿದ, ಲ, ದ, ನ ಒಂದೊಂದನ್ನೂ ಬಿಡಿಸಿ,
ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂಬಂತೆ.
ಮತ್ತೆ ಮೆಲ್ಲಗೆ, ಮೊದಲ ಪಾಠದ ಮಗುವಿನ ಹಾಗೆ:
ಅ-ಆ-ಇ-ಒ.
ಮೆಟ್ಟಿಲಿಳಿದು ಹೋದ.

ಈಗ ನನ್ನ ಹಲ್ಲುಗಳೂ ಲೋಟದಲ್ಲಿ ಮಲಗುತ್ತವೆ.
ಹೇಗೆ ಹೋದವು ಅಜ್ಜಿ, ಅನ್ನುತ್ತಾಳೆ ಮೊಮ್ಮಗಳು.
-ಮಾ, ಅನ್ನುತ್ತೇನೆ, -ಮಾ. ನಿಜವೇ.
ಅಜ್ಜಿ ಅಮ್ಮನನ್ನು ಕರೆಯುತ್ತಾಳೆ ಎಂದು ನಗುತ್ತಾಳೆ.
ಚುಕ್ಕೆಯ ಪುಟ ತೋರಿಸಿದೆ.
ನೊಣ ಕೂತ ಗುರುತು, ಅಂದಳು.
ಇರಬಹುದು, ಅಂದೆ.
ಪುಸ್ತಕ ಮುಚ್ಚಲಿಲ್ಲ.